ಏನೂ ನಡೆಯದ ಊರಿನಲ್ಲಿ ಕ್ಯಾಮೆರಾ ಹಿಡಿದು

ಪ್ರಶ್ನೆ: ನನ್ನ ಊರು ಶಿರಸಿಯ ಹತ್ತಿರ, ಕೆಲಸ ಕುಮಟಾದ ಒಂದು ಸಹಕಾರಿ ಸಂಘದಲ್ಲಿ. ವಾರಕ್ಕೊಮ್ಮೆ ದೇವಿಮನೆ ಘಟ್ಟ ಹತ್ತಿ ಮನೆಗೆ ಹೋಗಿಬರುತ್ತೇನೆ. ಎರಡು ವರ್ಷಗಳಿಂದ ಮೊಬೈಲಿನಲ್ಲಿ, ಈಚೆಗೆ ಹಳೆಯದೊಂದು ಕ್ಯಾಮೆರಾ ಕೊಂಡು ಅದರಲ್ಲಿ, ಪೇಟೆ, ಸಂತೆ, ಬಸ್ ನಿಲ್ದಾಣಗಳ ಚಿತ್ರ ತೆಗೆಯುತ್ತಿದ್ದೇನೆ. ದೊಡ್ಡ ನಗರಗಳ ಬೀದಿ ಛಾಯಾಚಿತ್ರಗಳಲ್ಲಿ ಒಂದು ನಾಟಕೀಯತೆ ಇರುತ್ತದೆ. ನನ್ನ ಚಿತ್ರಗಳಲ್ಲಿ ಜನ ಸುಮ್ಮನೆ ನಿಂತಿರುತ್ತಾರೆ. ನಮ್ಮ ಕಡೆ ಏನೂ ನಡೆಯುವುದೇ ಇಲ್ಲವಲ್ಲ ಎನಿಸುತ್ತದೆ. ಇನ್ನೊಂದು ತೊಂದರೆಯೆಂದರೆ ಎಲ್ಲರೂ ಗುರುತಿನವರು. ಕೇಳಿ ತೆಗೆದರೆ ಸೆಟೆದು ನಿಲ್ಲುತ್ತಾರೆ, ಕೇಳದೆ ತೆಗೆದರೆ ಕದ್ದ ಹಾಗಾಗುತ್ತದೆ. ಮೂರು ಚಿತ್ರಗಳನ್ನು ಜೊತೆಗಿಟ್ಟಿದ್ದೇನೆ. ಎಲ್ಲಿ ತಪ್ಪುತ್ತಿದ್ದೇನೆ? ಕಪ್ಪು-ಬಿಳುಪಿಗೆ ಬದಲಾಯಿಸಿದರೆ ಸುಧಾರಿಸೀತೇ?

ಉತ್ತರ: ನಿಮ್ಮ ಮೂರು ಚಿತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮೊದಲನೆಯದರಲ್ಲಿ ಮುಳುಗುವ ಸೂರ್ಯನಿಗೆ ಎದುರಾಗಿ ಬೀಸುಬಲೆ ಎಸೆಯುತ್ತಿರುವ ಮನುಷ್ಯನ ಕಪ್ಪು ಆಕೃತಿಯಿದೆ. ಎರಡನೆಯದರಲ್ಲಿ ಬೀಡಿ ಸೇದುತ್ತಿರುವ ವೃದ್ಧರ ಸುಕ್ಕುಗಟ್ಟಿದ ಮುಖ. ಎರಡೂ ಚೊಕ್ಕಟವಾಗಿವೆ, ಬೆಳಕಿನ ಅಳತೆ ತಪ್ಪಿಲ್ಲ. ಆದರೆ ಇವನ್ನು ನೀವು ತೆಗೆಯುವುದಕ್ಕೆ ಮೊದಲೇ ಎಲ್ಲೋ ನೋಡಿದ್ದಿರಿ, ನಾನೂ ನೋಡಿದ್ದೆ. ಗೋಡೆಯ ಕ್ಯಾಲೆಂಡರುಗಳಲ್ಲಿ ವರ್ಷಕ್ಕೊಮ್ಮೆಯಾದರೂ ಬಂದುಹೋಗುವ ಚಿತ್ರಗಳಿವು. ಕಣ್ಣು ತನಗೆ ಪರಿಚಯವಿದ್ದುದನ್ನು ಕಂಡೊಡನೆ ಬೆರಳು ಗುಂಡಿಯನ್ನು ಒತ್ತಿದೆ, ಅಷ್ಟೆ.

ಮೂರನೆಯ ಚಿತ್ರದ ಬಗ್ಗೆ ನೀವು ಪತ್ರದಲ್ಲಿ ‘ಇದು ಸರಿಯಾಗಿ ಬಂದಿಲ್ಲ’ ಎಂದು ಬರೆದಿದ್ದೀರಿ. ನನಗೆ ಬೇಕಾದದ್ದು ಇದೇ. ಕುಮಟಾ ಬಸ್ ನಿಲ್ದಾಣ, ಮಳೆಗಾಲದ ಸಂಜೆ, ಶಿರಸಿ ಬಸ್ಸಿನ ಬಾಗಿಲಿಗೆ ಮುಗಿಬಿದ್ದ ಜನ. ಗುಂಪನ್ನು ನೀವು ಚೌಕಟ್ಟಿನ ನಡುವೆ ಇಟ್ಟಿದ್ದೀರಿ; ಆ ಗುಂಪಿನಲ್ಲಿ ಬೆನ್ನುಗಳ ಹೊರತು ಬೇರೇನೂ ಕಾಣುವುದಿಲ್ಲ. ಎಡ ಅಂಚನ್ನು ನೋಡಿ. ಅಲ್ಲಿ ಒಬ್ಬ ಹೆಂಗಸು ಅರ್ಧ ಕತ್ತರಿಸಿಹೋಗಿ ನಿಂತಿದ್ದಾರೆ. ಒಂದು ಕೈ ನೀರು ಸುರಿಯುವ ಕೊಡೆಯನ್ನು ಮಡಚುತ್ತಿದೆ, ಇನ್ನೊಂದು ಕೈ ಮಗುವಿನ ರಟ್ಟೆಯನ್ನು ಬಿಗಿಯಾಗಿ ಹಿಡಿದಿದೆ, ಮೂರನೆಯ ಕೈ ಇಲ್ಲದ್ದರಿಂದ ಆಧಾರ್ ಕಾರ್ಡು ಹಲ್ಲುಗಳ ನಡುವೆ ಇದೆ. ಮಗುವಿನ ಕಣ್ಣು ಬಸ್ಸಿನ ಕಡೆಗಿಲ್ಲ. ಕೊಡೆಯ ತುದಿಯಿಂದ ತನ್ನ ಚಪ್ಪಲಿಯ ಮೇಲೆ ಬೀಳುವ ಹನಿಗಳನ್ನು ಅದು ನೋಡುತ್ತಿದೆ. ಬಸ್ಸು ಸಿಗುತ್ತದೆಯೇ, ಸಿಕ್ಕರೂ ಸೀಟು ಸಿಗುತ್ತದೆಯೇ, ಘಟ್ಟ ಹತ್ತುವ ತನಕ ಮಗುವನ್ನು ಎತ್ತಿಕೊಂಡೇ ನಿಲ್ಲಬೇಕೇ ಎಂಬ ಲೆಕ್ಕವೆಲ್ಲ ಆ ಹಲ್ಲುಕಚ್ಚಿದ ಮುಖದಲ್ಲಿದೆ. 2023ರ ಜೂನ್ 11ರಂದು ಮಹಿಳೆಯರಿಗೆ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಆರಂಭವಾಗದೇ ಇದ್ದಿದ್ದರೆ ಆ ಕಾರ್ಡು ಅಲ್ಲಿ ಇರುತ್ತಿರಲಿಲ್ಲ. ಮುಂದೆ ನಿಯಮ ಬದಲಾದರೆ ಇನ್ನೊಮ್ಮೆ ಕಾಣಲಿಕ್ಕೂ ಇಲ್ಲ. ಒಂದು ಕಾಲದ ಗುರುತು ಅಷ್ಟು ಸಣ್ಣ ಜಾಗದಲ್ಲಿ ಬಂದು ಕೂತಿದೆ. ನೀವು ಕೇಳಿದ ನಾಟಕ ನಿಮ್ಮಿಂದ ನಾಲ್ಕು ಅಡಿ ದೂರದಲ್ಲಿ ನಡೆಯುತ್ತಿತ್ತು, ನಿಮ್ಮ ಕ್ಯಾಮೆರಾ ಗದ್ದಲದ ಕಡೆಗೆ ತಿರುಗಿತ್ತು.

‘ನಾಟಕ’ ಎಂದಾಗ ನಾವು ಸಾಮಾನ್ಯವಾಗಿ ಘಟನೆಯನ್ನು ಹುಡುಕುತ್ತೇವೆ: ಜಗಳ, ಓಟ, ಅಪಘಾತ, ಮೆರವಣಿಗೆ. ನಮ್ಮದೇ ರಂಗಭೂಮಿಯ ಕಡೆಗೆ ಒಮ್ಮೆ ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ. ಯಕ್ಷಗಾನದ ಒಡ್ಡೋಲಗದಲ್ಲಿ, ಅಂದರೆ ವೇಷ ಮೊದಲ ಬಾರಿಗೆ ರಂಗಕ್ಕೆ ಬರುವಾಗ, ಇಬ್ಬರು ತೆರೆಯನ್ನು ಹಿಡಿದು ನಿಲ್ಲುತ್ತಾರೆ, ಅದರ ಹಿಂದೆ ವೇಷ ಕುಣಿಯುತ್ತದೆ. ನಮಗೆ ಕಾಣುವುದು ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಗೆಜ್ಜೆಯ ಕಾಲು. ಕಥೆಯ ಲೆಕ್ಕದಲ್ಲಿ ಅಲ್ಲಿ ಏನೂ ನಡೆದಿರುವುದಿಲ್ಲ. ಆದರೂ ನಡುರಾತ್ರಿ ತೂಕಡಿಸುತ್ತಿದ್ದವನು ಎದ್ದು ಕೂರುವುದು ಆ ಹೊತ್ತಿನಲ್ಲೇ. ಕಾಣುವುದಕ್ಕೂ ಕಾಣದಿರುವುದಕ್ಕೂ ನಡುವೆ, ಆಗಿರುವುದಕ್ಕೂ ಆಗಬೇಕಾದದ್ದಕ್ಕೂ ನಡುವೆ ಒಂದು ಎಳೆ ಬಿಗಿದಿರುತ್ತದೆ. ಬೀದಿಯಲ್ಲಿ ನೀವು ಹುಡುಕಬೇಕಾದದ್ದು ಆ ಎಳೆಯನ್ನು. ನಮ್ಮ ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ, ಏಕೆಂದರೆ ಇಲ್ಲಿಯ ಜನ ಹಗಲಿನ ದೊಡ್ಡ ಪಾಲನ್ನು ಕಾಯುವುದರಲ್ಲೇ ಕಳೆಯುತ್ತಾರೆ. ಬಸ್ಸಿಗೆ, ದೋಣಿಗೆ, ಇಳಿತಕ್ಕೆ, ಮಳೆ ನಿಲ್ಲುವುದಕ್ಕೆ, ಅಡಿಕೆಯ ದರಕ್ಕೆ ಅವರು ಕಾಯುತ್ತಾರೆ. ‘ಜನ ಸುಮ್ಮನೆ ನಿಂತಿರುತ್ತಾರೆ’ ಎಂದು ನೀವು ಬರೆದಿದ್ದೀರಲ್ಲ, ಅವರು ಸುಮ್ಮನೆ ನಿಂತಿಲ್ಲ. ಏತಕ್ಕಾಗಿ ನಿಂತಿದ್ದಾರೆ ಎಂಬುದು ನಿಮ್ಮ ಚೌಕಟ್ಟಿನೊಳಗೆ ಬಂದಿಲ್ಲ.

ಇದನ್ನು ಇನ್ನೊಂದು ಚಿತ್ರದಿಂದ ಹೇಳಬಹುದು. 2021ರ ನವೆಂಬರಿನಲ್ಲಿ ಅಂಕೋಲಾ ತಾಲೂಕಿನ ತುಳಸಿ ಗೌಡರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ ಚಿತ್ರ ನಿಮಗೂ ನೆನಪಿರುತ್ತದೆ. ಹಾಲಕ್ಕಿ ಸಮುದಾಯದ ಹೆಂಗಸರ ರೂಢಿಯ ಉಡುಗೆ, ಕೊರಳ ತುಂಬ ಮಣಿಸರ, ಬರಿಗಾಲು. ಅಂಕೋಲೆಯ ಸಂತೆಯಲ್ಲಿ ಅದೇ ಉಡುಗೆ, ಅದೇ ಬರಿಗಾಲು ಎದುರಾದರೆ ಯಾರೂ ತಿರುಗಿ ನೋಡುವುದಿಲ್ಲ. ಆ ಪಾದಗಳ ಕೆಳಗೆ ಭವನದ ರತ್ನಗಂಬಳಿ ಬಂದಾಗ ದೇಶವೆಲ್ಲ ನೋಡಿತು. ಹಾಗಾಗಿ ಬರಿಗಾಲಿನಲ್ಲಾಗಲಿ ಕಂಬಳಿಯಲ್ಲಾಗಲಿ ಬೇರೆಬೇರೆಯಾಗಿ ಏನೂ ಇರಲಿಲ್ಲ, ಎರಡರ ಭೇಟಿಯಲ್ಲಿ ಇತ್ತು. ನೀವು ಗೋಕರ್ಣದ ರಸ್ತೆಯಲ್ಲೋ ಅಂಕೋಲೆಯಲ್ಲೋ ಹಾಲಕ್ಕಿ ಅಜ್ಜಿಯೊಬ್ಬರನ್ನು ನಿಲ್ಲಿಸಿ ಮಣಿಸರದ ಸಮೀಪಚಿತ್ರ ತೆಗೆದರೆ ಅದು ವೇಷಭೂಷಣದ ದಾಖಲೆಯಾಗುತ್ತದೆಯೇ ಹೊರತು ಬೀದಿ ಛಾಯಾಚಿತ್ರವಾಗುವುದಿಲ್ಲ. ಹೊರಗಿನಿಂದ ಬರುವ ಛಾಯಾಗ್ರಾಹಕರು ಆ ಹೆಂಗಸರನ್ನು ಪ್ರದರ್ಶನದ ವಸ್ತುವಿನಂತೆ ನೋಡುವ ಪರಿ ನನಗೆ ಮೊದಲಿನಿಂದಲೂ ಕಿರಿಕಿರಿಯ ವಿಷಯ, ಈ ಮಾತು ಇಲ್ಲಿ ಬಂದದ್ದು ಅದರಿಂದಲೂ ಇರಬಹುದು. ಅದೇ ಅಜ್ಜಿ ಮೊಬೈಲ್ ಅಂಗಡಿಯ ಗಾಜಿನ ಎದುರು ರೀಚಾರ್ಜಿಗೆ ಸರದಿ ಕಾಯುತ್ತ ಸೆರಗಿನ ಗಂಟಿನಿಂದ ನೋಟು ಬಿಡಿಸುತ್ತಿದ್ದರೆ, ಆಗ ನಿಲ್ಲಿ.

ಈಗ ಕೆಲಸದ ಮಾತು. ಬೀದಿಯಲ್ಲಿ ಚಿತ್ರ ತೆಗೆಯುವವರಲ್ಲಿ ಬೆನ್ನಟ್ಟುವವರು ಇದ್ದಾರೆ, ಹೊಂಚುವವರೂ ಇದ್ದಾರೆ. ಸಣ್ಣ ಊರಿಗೆ ಎರಡನೆಯ ಬಗೆಯೇ ಸರಿ. ಹೆನ್ರಿ ಕಾರ್ತಿಯೆ-ಬ್ರೆಸ್ಸೋನ್ ಎಂಬ ಫ್ರೆಂಚ್ ಛಾಯಾಗ್ರಾಹಕರ ಹೆಸರನ್ನು ‘ನಿರ್ಣಾಯಕ ಕ್ಷಣ’ (ಎಲ್ಲವೂ ಸರಿಯಾಗಿ ಕೂಡಿಬರುವ ಆ ಒಂದು ಗಳಿಗೆ) ಎಂಬ ಮಾತಿನೊಂದಿಗೆ ನೀವು ಕೇಳಿರುತ್ತೀರಿ. ಆ ಮಾತು ಎಷ್ಟೋ ಜನರನ್ನು ಬೇಟೆಗಾರರನ್ನಾಗಿ ಮಾಡಿದೆ. ಆದರೆ ಕಾರ್ತಿಯೆ-ಬ್ರೆಸ್ಸೋನ್ ಅವರೇ 1932ರಲ್ಲಿ ಫ್ರಾನ್ಸಿನ ಇಯೇರ್ ಎಂಬ ಊರಿನಲ್ಲಿ ತೆಗೆದ ಪ್ರಸಿದ್ಧ ಚಿತ್ರದಲ್ಲಿ ಸುರುಳಿ ಮೆಟ್ಟಿಲು, ಅದರ ಕಂಬಿ, ಕೆಳಗೆ ಬಾಗಿದ ರಸ್ತೆ ಇವೆ. ಆ ಬಾಗುವಿಕೆಯಲ್ಲಿ ಸೈಕಲ್ ಸವಾರನೊಬ್ಬ ಮಸುಕಾಗಿ ಸರಿದುಹೋಗುತ್ತಿದ್ದಾನೆ. ಮೆಟ್ಟಿಲು, ಕಂಬಿ, ರಸ್ತೆ ಎಲ್ಲ ಮೊದಲೇ ಅಲ್ಲಿದ್ದವು. ಸೈಕಲ್ ಬರಬೇಕಿತ್ತು. ರಂಗ ಮೊದಲು, ಪಾತ್ರ ಆಮೇಲೆ ಎಂಬ ಈ ಕ್ರಮವನ್ನು ನೀವು ರೂಢಿಸಿಕೊಂಡರೆ ನಿಮ್ಮ ಅರ್ಧ ಕಷ್ಟ ಪರಿಹಾರವಾಗುತ್ತದೆ. ಹಿನ್ನೆಲೆ ಚೊಕ್ಕಟವಾಗಿರುವ, ಬೆಳಕು ಒಂದು ಕಡೆಯಿಂದ ಬೀಳುವ, ಜನ ಒಂದಲ್ಲ ಒಂದು ಕಾರಣಕ್ಕೆ ಹಾದುಹೋಗಲೇಬೇಕಾದ ಜಾಗವನ್ನು ಹುಡುಕಿ ಅಲ್ಲಿ ಅರ್ಧ ಗಂಟೆ ನಿಲ್ಲಿ. ಮೊದಲ ಹತ್ತು ನಿಮಿಷ ಎಲ್ಲರೂ ನಿಮ್ಮನ್ನು ನೋಡುತ್ತಾರೆ. ಆಮೇಲೆ ನೀವು ಆ ಜಾಗದ ಕಂಬದಂತಾಗುತ್ತೀರಿ.

ಎಲ್ಲಿ, ಯಾವಾಗ ನಿಲ್ಲಬೇಕು ಎಂಬುದನ್ನು ಹೇಳಿಕೊಡಲು ಹೊರಗಿನ ಯಾವ ಗುರುವಿಗೂ ಸಾಧ್ಯವಿಲ್ಲ, ನಿಮಗೆ ಸಾಧ್ಯ. ಶಿರಸಿಯ ಅಡಿಕೆ ವ್ಯಾಪಾರವನ್ನು ನೋಡಿ. ಸಹಕಾರಿ ಸಂಘದಲ್ಲಿ ಕೆಲಸ ಮಾಡುವ ನಿಮಗೆ ಆ ಅಂಗಳದ ಒಳಹೊರಗು ಗೊತ್ತಿರುತ್ತದೆ, ಒಳಗೆ ಹೋಗಲು ಯಾರ ಅನುಮತಿ ಪಡೆಯಬೇಕೆಂಬುದೂ ಗೊತ್ತಿರುತ್ತದೆ. ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು ಎಂದು ವಿಂಗಡಿಸಿ ಹಾಕಿದ ಗುಪ್ಪೆಗಳ ನಡುವೆ ಟೆಂಡರ್ ಬರೆಯುವ ವ್ಯಾಪಾರಿ ನಡೆದುಬರುತ್ತಾನೆ. ಬಗ್ಗಿ ಗುಪ್ಪೆಯೊಳಗೆ ಕೈಹಾಕುತ್ತಾನೆ, ಒಂದು ಹಿಡಿ ಎತ್ತಿ ಅಂಗೈಯಲ್ಲಿ ಉರುಳಿಸುತ್ತಾನೆ, ಒಂದೆರಡನ್ನು ಬೆಳಕಿಗೆ ಹಿಡಿದು ನೋಡಿ ಮತ್ತೆ ಬಿಡುತ್ತಾನೆ, ಚೀಟಿಯಲ್ಲಿ ಏನೋ ಗೀಚಿ ಮುಂದೆ ಹೋಗುತ್ತಾನೆ. ಇಷ್ಟಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಎಲ್ಲರೂ ಚಿತ್ರ ತೆಗೆಯುವುದು ಆ ಕೈಯನ್ನು. ನಾಲ್ಕು ಹೆಜ್ಜೆ ಹಿಂದೆ, ಗೋಡೆಗೆ ಒರಗಿದಂತೆ ನಟಿಸುತ್ತ, ಬೇರೆಲ್ಲೋ ನೋಡುತ್ತಿರುವಂತೆ ತೋರಿಸಿಕೊಳ್ಳುತ್ತ ಬೆಳೆಗಾರ ನಿಂತಿರುತ್ತಾನೆ. ಅವನ ಕಣ್ಣಿನ ತುದಿ ಮಾತ್ರ ಆ ಅಂಗೈಯಲ್ಲಿ ಇರುತ್ತದೆ. ಕೊಯಿಲಿನಿಂದ ಹಿಡಿದು ಸುಲಿಸಿ, ಬೇಯಿಸಿ, ಒಣಗಿಸಿ ತಂದ ಒಂದು ವರ್ಷದ ದುಡಿಮೆಗೆ ಬೆಲೆ ಬೀಳುವ ಆ ಅರ್ಧ ನಿಮಿಷದಲ್ಲಿ ಅವನು ಮಾಡಬಹುದಾದದ್ದು ಏನೂ ಇಲ್ಲ. ಕೈಯೂ ಕಣ್ಣೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ನೀವು ಬದಿಗೆ ಸರಿದು ನಿಂತರೆ ಚಿತ್ರ ಮುಗಿಯಿತು. ಯಾವ ಗುಪ್ಪೆ ಯಾರದು ಎಂದು ತಿಳಿದವನಿಗೆ ಮಾತ್ರ ಎಲ್ಲಿ ಸರಿಯಬೇಕೆಂದು ತಿಳಿಯುತ್ತದೆ.

ಕರಾವಳಿಯ ಗಡಿಯಾರ ಬೇರೆ. ಭರತ ಮತ್ತು ಇಳಿತ ದಿನಕ್ಕೆ ಎರಡೆರಡು ಬಾರಿ ಬರುತ್ತವೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತವೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ನೀರಿಗಿಳಿಯುವುದು ಈ ಲೆಕ್ಕದ ಮೇಲೆ. ಹಾಗಾಗಿ ಹೋದ ಭಾನುವಾರ ಎಂಟು ಗಂಟೆಗೆ ಕಂಡ ನೋಟ ಈ ಭಾನುವಾರ ಅದೇ ಹೊತ್ತಿಗೆ ಕಾಣುವುದಿಲ್ಲ. ತದಡಿಯ ದಡದಲ್ಲಿ ಆಚೆಯ ದೋಣಿ ಬರುವ ತನಕ ಸ್ಕೂಟರಿನ ಮೇಲೆ ಒಂದು ಕಾಲೂರಿ ಕುಳಿತವರು, ಮೀನಿನ ಬುಟ್ಟಿಯ ಮೇಲೆ ತೆಂಗಿನ ಗರಿ ಹಾಸಿ ನಿಂತವರು, ಆಸ್ಪತ್ರೆಯ ಚೀಟಿ ಹಿಡಿದವರು ಒಂದೇ ಸಾಲಿನಲ್ಲಿ ಒಂದೇ ದಿಕ್ಕಿಗೆ ನೋಡುತ್ತಿರುತ್ತಾರೆ. ದೋಣಿಯನ್ನು ಚಿತ್ರದಲ್ಲಿ ತೋರಿಸಬೇಡಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ, ಆ ಎರಡು ತಿಂಗಳು ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ಕ್ಯಾಮೆರಾದವರು ಆಗ ಆ ಕಡೆ ಸುಳಿಯುವುದಿಲ್ಲ. ಜುಲೈ ಕೊನೆಯ ವಾರ ಹೋಗಿ ನೋಡಿ: ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತ ಕುಳಿತವರು ನಿಮಿಷಕ್ಕೊಮ್ಮೆ ತಲೆಯೆತ್ತಿ ಆಕಾಶ ನೋಡುತ್ತಾರೆ.

ಹಬ್ಬ-ಜಾತ್ರೆಗಳ ಬಗ್ಗೆಯೂ ಇದೇ ಮಾತು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲಿ ರಥದ ಚಿತ್ರವನ್ನು ಸಾವಿರ ಮೊಬೈಲುಗಳು ತೆಗೆಯುತ್ತವೆ. ನೀವು ಜಾತ್ರೆ ಮುಗಿದ ಮರುದಿನ ಜಾತ್ರೆಯ ಜಾಗವಾದ ಬಿಡಕಿಬೈಲಿಗೆ ಹೋಗಿ. ಜಾತ್ರೆಯಿಲ್ಲದ ವರ್ಷ ಹೋಳಿಯಲ್ಲಿ ಬೇಡರ ವೇಷ ಬರುತ್ತದಲ್ಲ, ನವಿಲುಗರಿ ಕಟ್ಟಿ ಅಬ್ಬರಿಸುವ ವೇಷದ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಹಿಡಿದೆಳೆಯುವವರ ಮುಖಗಳನ್ನು ಎಂದಾದರೂ ಗಮನಿಸಿದ್ದೀರಾ? ಬೆಳಗಿನ ಜಾವಕ್ಕೆ ಅವರೇ ಹೆಚ್ಚು ದಣಿದಿರುತ್ತಾರೆ.

ಬೆಳಕಿನ ವಿಷಯದಲ್ಲಿ ನಮ್ಮ ಕರಾವಳಿಗೆ ತನ್ನದೇ ಸ್ವಭಾವವಿದೆ. ಪೂರ್ವಕ್ಕೆ ಗುಡ್ಡಗಳಿರುವುದರಿಂದ ಬೆಳಗಿನ ಬಿಸಿಲು ಬೀದಿಗೆ ತಡವಾಗಿ, ಬರುವಾಗಲೇ ಸ್ವಲ್ಪ ಎತ್ತರದಿಂದ ಬರುತ್ತದೆ. ಸಂಜೆಯದು ಸಮುದ್ರದ ಮೇಲಿನಿಂದ ಅಡ್ಡತಡೆಯಿಲ್ಲದೆ ಕೊನೆಯ ನಿಮಿಷದವರೆಗೂ ಮಲಗಿಕೊಂಡು ಬರುತ್ತದೆ. ಆದ್ದರಿಂದ ಕಡಲಿಗೆ ನೇರವಾಗಿ ಇಳಿಯುವ ಓಣಿಗಳು ಸಂಜೆಯ ಕೊನೆಯ ಒಂದು ಗಂಟೆ ಉದ್ದಕ್ಕೂ ಬೆಳಗುತ್ತವೆ. ಆಗ ಕಡಲಿಗೆ ಬೆನ್ನು ಮಾಡಿ ನಿಲ್ಲಿ. ಮುಳುಗುವ ಸೂರ್ಯನನ್ನು ನೋಡಲು ಬಂದವರ ಮುಖಗಳ ಮೇಲೆ ಇರುವ ಬೆಳಕು ಸೂರ್ಯನಿಗಿಂತ ಚೆನ್ನಾಗಿರುತ್ತದೆ. ಕಾರವಾರದ ಟಾಗೋರ್ ಕಡಲತೀರದಲ್ಲಿ ಇದನ್ನು ಒಂದೇ ಸಂಜೆಯಲ್ಲಿ ಪರೀಕ್ಷಿಸಿ ನೋಡಬಹುದು. ಏಪ್ರಿಲ್ ಕೊನೆಯ ಹೊತ್ತಿಗೆ ಕಾರವಾರದಲ್ಲಿ ಮಧ್ಯಾಹ್ನ ಸುಮಾರು 12.30ಕ್ಕೆ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಕಣ್ಣುಗಳ ಜಾಗದಲ್ಲಿ ಎರಡು ಕಪ್ಪು ಗುಳಿಗಳು ಮಾತ್ರ ಕಾಣುತ್ತವೆ. ಆ ಹೊತ್ತಿನಲ್ಲಿ ಮುಖಗಳನ್ನು ಬಿಟ್ಟು ಹೆಂಚಿನ ಸೂರಿನ ಕೆಳಗಿನ ನೆರಳಿನ ಗೆರೆಯನ್ನು ನೋಡಿ. ಬಿಸಿಲಿನಿಂದ ನೆರಳಿಗೆ ಕಾಲಿಡುವವರು ಆ ಗೆರೆಯ ಮೇಲೆ ಒಂದು ಕ್ಷಣ ಕಣ್ಣು ಕಿರಿದು ಮಾಡುತ್ತಾರೆ.

ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಗುರುತಿನ ಮತ್ತು ಅನುಮತಿಯ ಪ್ರಶ್ನೆ ಎಂದು ನನಗೆ ಅನಿಸುತ್ತದೆ, ಏಕೆಂದರೆ ಪತ್ರದಲ್ಲಿ ‘ಕದ್ದ ಹಾಗೆ’ ಎಂಬ ಮಾತು ಬಂದಿದೆ. ನನ್ನ ಅನುಭವವೊಂದನ್ನು ಹೇಳುತ್ತೇನೆ. ಸುಮಾರು ಮೂವತ್ತು ವರ್ಷಗಳ ಹಿಂದೆ, ಪತ್ರಿಕೆಗಳಿಗೆ ಚಿತ್ರ ಕೊಡುತ್ತಿದ್ದ ಕಾಲದಲ್ಲಿ, ಕಾರವಾರದ ಮೀನು ಪೇಟೆಯಲ್ಲಿ ಒಬ್ಬ ಹೆಂಗಸು ಮಡಿಲಲ್ಲಿ ನೋಟು ಎಣಿಸುತ್ತಿದ್ದುದನ್ನು ಅವರಿಗೆ ತಿಳಿಯದಂತೆ ತೆಗೆದೆ. ಎದುರಿಗೆ ಬಂಗಡೆಯ ಗುಪ್ಪೆ, ಅದರ ಮೇಲೆ ಐಸಿನ ಚೂರು, ಒದ್ದೆ ಬೆರಳಿಗೆ ಅಂಟಿದ ನೋಟು. ನನಗೆ ಬಹಳ ಹಿಡಿಸಿದ ಚಿತ್ರ. ಪತ್ರಿಕೆಯವರು ಅದನ್ನು ಮೀನಿನ ದರ ಏರಿದ ಸುದ್ದಿಯ ಜೊತೆಗೆ ಅಚ್ಚುಹಾಕಿದರು. ಮುಂದಿನ ವಾರ ನಾನು ಪೇಟೆಗೆ ಹೋದಾಗ ಆಕೆ ಬುಟ್ಟಿಯ ಎದುರಿನಿಂದ ಎದ್ದುಬಂದು ನನ್ನನ್ನು ನಿಲ್ಲಿಸಿದರು. “ತಮಾ, ಅದು ಸಾಲದ ಕಂತಿಗೆ ಎಣಿಸಿ ಇಟ್ಟದ್ದು. ನೀನು ನನ್ನನ್ನು ಊರಿಗೆಲ್ಲ ಕಳ್ಳಿ ಮಾಡಿದೆಯಲ್ಲೋ” ಎಂದರು. ಸುತ್ತಲಿನವರು ನಗಲಿಲ್ಲ. ಚಿತ್ರದಲ್ಲಿ ಸುಳ್ಳು ಏನೂ ಇರಲಿಲ್ಲ. ಆದರೆ ಅದರ ಕೆಳಗೆ ಯಾವ ಸಾಲು ಬರುತ್ತದೆ ಎಂದು ನಾನು ಕೇಳಿರಲಿಲ್ಲ, ಆಕೆ ಏನು ಎಣಿಸುತ್ತಿದ್ದಾರೆ ಎಂದೂ ಕೇಳಿರಲಿಲ್ಲ. ಆ ದಿನದ ನಂತರ ನಾನು ಎರಡು ನಿಯಮಗಳನ್ನು ಇಟ್ಟುಕೊಂಡೆ. ತೆಗೆಯುವ ಮೊದಲು ಕೇಳಲಾಗದಿದ್ದರೆ ತೆಗೆದ ಮೇಲಾದರೂ ಹೋಗಿ ತೋರಿಸುವುದು; ಯಾವ ಶೀರ್ಷಿಕೆಯೊಂದಿಗೆ ಹೋಗುತ್ತದೆ ಎಂದು ತಿಳಿಯದೆ ಮನುಷ್ಯರ ಚಿತ್ರವನ್ನು ಯಾರಿಗೂ ಕೊಡದಿರುವುದು.

ತೆಗೆದ ಮೇಲೆ ತೋರಿಸುವುದು ನಿಮಗೆ ಹೆಚ್ಚು ಸುಲಭ, ಏಕೆಂದರೆ ನೀವು ನಾಳೆಯೂ ಅದೇ ಊರಿನಲ್ಲಿ ಇರುತ್ತೀರಿ. ಬೇಡವೆಂದರೆ ಅಲ್ಲೇ ಅಳಿಸಿಬಿಡಿ, ಅವರ ಎದುರಿಗೇ. ಬೇಕೆಂದವರಿಗೆ ಪೋಸ್ಟ್‌ಕಾರ್ಡ್ ಅಳತೆಯ ಒಂದು ಪ್ರತಿ ಅಚ್ಚು ಹಾಕಿಸಿ ಕೊಡಿ. ಒಮ್ಮೆ ಕೊಟ್ಟು ನೋಡಿ: ಮರುವಾರ ಅದೇ ಸಾಲಿನಲ್ಲಿ ಕುಳಿತ ಇನ್ನೊಬ್ಬರು “ನಮ್ಮದು ಯಾವಾಗ?” ಎಂದು ಕೇಳುತ್ತಾರೆ, ಅವರದ್ದೊಂದು ಸೆಟೆದು ನಿಂತ ಚಿತ್ರವನ್ನು ಸಂತೋಷದಿಂದ ತೆಗೆದುಕೊಡಿ, ಆಮೇಲೆ ಅವರು ನಿಮ್ಮನ್ನು ಮರೆತು ವ್ಯಾಪಾರಕ್ಕೆ ತಿರುಗುತ್ತಾರೆ. ನಿಮಗೆ ಬೇಕಾದ ಚಿತ್ರ ಇರುವುದು ಆ ತಿರುಗುವಿಕೆಯ ಆಚೆಗೆ. ಮೈಸೂರಿನವರಾದ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಮಕ್ಕಳೂ ಮುದುಕರೂ ಕ್ಯಾಮೆರಾ ಇದ್ದೂ ಇಲ್ಲದಂತೆ ಇರುವುದನ್ನು ಗಮನಿಸಿ. ಅದು ಕದ್ದು ತೆಗೆದದ್ದರಿಂದ ಬರುವ ಗುಣವಲ್ಲ, ಜೊತೆಗೆ ಹೊತ್ತು ಕಳೆದದ್ದರಿಂದ ಬರುವ ಗುಣ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಸಾರ್ವಜನಿಕ ಜಾಗದಲ್ಲಿ ಜನರ ಚಿತ್ರ ತೆಗೆಯುವುದನ್ನು ಒಟ್ಟಾರೆಯಾಗಿ ನಿಷೇಧಿಸುವ ಕಾನೂನು ನಮ್ಮಲ್ಲಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ, ಹೆಂಗಸರ ಖಾಸಗಿ ಕ್ಷಣಗಳನ್ನು ಸೆರೆಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ ಅಪರಾಧ. ಕಡಲತೀರದಲ್ಲಿ ಸ್ನಾನ ಮಾಡುವವರ ಕಡೆಗೆ ಕ್ಯಾಮೆರಾ ತಿರುಗಿಸಲೇಬೇಡಿ. ಮಕ್ಕಳ ಚಿತ್ರವಾದರೆ ಹೆತ್ತವರ ಒಪ್ಪಿಗೆ ಪಡೆಯಿರಿ. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಎಚ್ಚರ ಬೇಕು: ಕಾರವಾರದ ಕದಂಬ ನೌಕಾನೆಲೆ ಮತ್ತು ಕೈಗಾ ಅಣುವಿದ್ಯುತ್ ಸ್ಥಾವರದ ಸುತ್ತಮುತ್ತ ಕ್ಯಾಮೆರಾ ಚೀಲದಿಂದ ಹೊರಗೆ ಬರಬಾರದು. 1923ರ ಅಧಿಕೃತ ರಹಸ್ಯ ಕಾಯ್ದೆಗೆ ನಿಮ್ಮ ಕಲಾಸಕ್ತಿ ಅರ್ಥವಾಗುವುದಿಲ್ಲ.

ಸಲಕರಣೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಿಮ್ಮ ಹಳೆಯ ಕ್ಯಾಮೆರಾ ಎಪಿಎಸ್-ಸಿ ಎಂಬ ಚಿಕ್ಕ ಅಳತೆಯ ಸಂವೇದಕದ್ದು, ಅದರೊಂದಿಗೆ ಬಂದ 18–55 ಮಿ.ಮೀ. ಮಸೂರವೇ ಸಾಕು. 18 ಮಿ.ಮೀ.ಗೆ ಇಟ್ಟು, ಬೆಳಕು ಒಳಬರುವ ದ್ಯುತಿರಂಧ್ರವನ್ನು ಎಫ್/8ಕ್ಕೆ ನಿಲ್ಲಿಸಿ, ಫೋಕಸನ್ನು ಕೈಯಿಂದ ಸುಮಾರು 2 ಮೀಟರಿಗೆ ಹೊಂದಿಸಿದರೆ ಸುಮಾರು 1 ಮೀಟರಿನಿಂದ ದೂರದ ಗುಡ್ಡದ ತನಕ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ಫೋಕಸ್ ಹುಡುಕುತ್ತ ತಡಬಡಾಯಿಸುವ ಪ್ರಶ್ನೆಯೇ ಬರುವುದಿಲ್ಲ. ನಡೆಯುವವರಿಗೆ ಸೆಕೆಂಡಿನ 1/250 ವೇಗ ಬೇಕು, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಅದಕ್ಕೆ ತಕ್ಕಂತೆ ಏರಲಿ. ಮೊಬೈಲಿನಲ್ಲಿ ತೆಗೆಯುವಾಗ ಪರದೆಯನ್ನು ಒತ್ತಿಹಿಡಿದು ಬೆಳಕನ್ನು ಸ್ವಲ್ಪ ತಗ್ಗಿಸಿ, ಇಲ್ಲದಿದ್ದರೆ ಅದು ನೆರಳನ್ನೆಲ್ಲ ತಾನೇ ಎತ್ತಿ ಚಿತ್ರವನ್ನು ಚಪ್ಪಟೆ ಮಾಡುತ್ತದೆ. ಕರಾವಳಿಯಲ್ಲಿ ಮಸೂರದ ದೊಡ್ಡ ಶತ್ರು ಬೂಷ್ಟು. ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡಬೇಡಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಅದನ್ನು ಆಗಾಗ ಬಿಸಿಮಾಡಿ ಒಣಗಿಸಿ. ಬೂಷ್ಟು ಒಮ್ಮೆ ಗಾಜಿನೊಳಗೆ ಬೇರುಬಿಟ್ಟರೆ ಬಿಡಿಸುವ ಖರ್ಚಿಗೆ ಹಳೆಯದೊಂದು ಮಸೂರವೇ ಬರುತ್ತದೆ.

ಮಳೆಗೆ ಹೆದರಿ ಕ್ಯಾಮೆರಾವನ್ನು ನಾಲ್ಕು ತಿಂಗಳು ಒಳಗಿಡುವುದು ಮಾತ್ರ ಬೇಡ. ನ್ಯೂಯಾರ್ಕಿನ ಸಾಲ್ ಲೈಟರ್ ಎಂಬವರು ತಮ್ಮ ಮನೆಯ ಸುತ್ತಲಿನ ಕೆಲವೇ ಬೀದಿಗಳಲ್ಲಿ ದಶಕಗಳ ಕಾಲ ಮಳೆ, ಹಿಮ, ಆವಿ ಹಿಡಿದ ಗಾಜು, ಕೊಡೆಗಳ ಚಿತ್ರಗಳನ್ನು ತೆಗೆದರು. ನಮ್ಮ ಬಸ್ಸುಗಳ ಕಿಟಕಿಗೆ ಇಳಿಬಿಟ್ಟ ತಾಡಪಾಲು, ಚಹಾದಂಗಡಿಯ ಮಂಜುಗಟ್ಟಿದ ಗಾಜು, ಅದರ ಮೇಲೆ ಯಾರೋ ಬೆರಳಿನಿಂದ ಒರೆಸಿದ ಒಂದು ಕಿಂಡಿ ಇವೆಲ್ಲ ಯಕ್ಷಗಾನದ ಆ ತೆರೆಯ ಕೆಲಸವನ್ನೇ ಮಾಡುತ್ತವೆ. ಆ ಕಿಂಡಿಯಾಚೆ ಅರ್ಧ ಮುಖ ಕಂಡರೆ ಸಾಕು.

ತೆಗೆದದ್ದನ್ನು ಅಂದೇ ರಾತ್ರಿ ಆರಿಸಲು ಕೂರಬೇಡಿ. ಅಮೆರಿಕದ ಬೀದಿ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಸುಮಾರು 2500 ರೀಲುಗಳು ಸಂಸ್ಕರಣೆಯಾಗದೆ ಉಳಿದಿದ್ದವು. ಅಷ್ಟು ಉಳಿಸಿಕೊಳ್ಳುವುದು ಅತಿಯಾಯಿತು, ಆದರೆ ತೆಗೆದ ದಿನದ ಉತ್ಸಾಹ ಆರಿದ ಮೇಲೆ ಚಿತ್ರಗಳನ್ನು ನೋಡಬೇಕೆಂಬ ಅವರ ಪದ್ಧತಿ ಸರಿಯಾದದ್ದು. ಒಂದು ತಿಂಗಳು ಬಿಡಿ. ನೋಡುವಾಗ ಮೊದಲು ನಾಲ್ಕು ಅಂಚುಗಳನ್ನು ನೋಡಿ, ಆಮೇಲೆ ನಡುವನ್ನು. ನಿಮ್ಮ ಹಳೆಯ ಫೋಲ್ಡರುಗಳಲ್ಲಿ ಈ ಬಸ್ ನಿಲ್ದಾಣದ ಚಿತ್ರದಂತಹವು ಇನ್ನೂ ಹತ್ತಾದರೂ ಇರುತ್ತವೆ ಎಂದು ನನ್ನ ಅಂದಾಜು, ಯಾರೂ ನೋಡದ ಅಂಚುಗಳಲ್ಲಿ. ಚಿಕಾಗೋದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದ ವಿವಿಯನ್ ಮಾಯರ್ ಅವರು ತೆಗೆದ ಒಂದು ಲಕ್ಷಕ್ಕೂ ಹೆಚ್ಚು ಚಿತ್ರಗಳಲ್ಲಿ ಬಹುಪಾಲು ಅವರು ಬದುಕಿರುವ ತನಕ ಬೇರೆಯವರ ಕಣ್ಣಿಗೆ ಬೀಳಲಿಲ್ಲ. 2007ರಲ್ಲಿ ಅವರ ಪೆಟ್ಟಿಗೆಗಳು ಹರಾಜಿಗೆ ಬಂದ ಮೇಲೆಯೇ ಲೋಕಕ್ಕೆ ಗೊತ್ತಾದದ್ದು. ನಿಮ್ಮ ಪೆಟ್ಟಿಗೆಯನ್ನು ನೀವೇ ತೆರೆಯಿರಿ.

ಕಪ್ಪು-ಬಿಳುಪಿನ ಪ್ರಶ್ನೆ ಉಳಿಯಿತು. ದುರ್ಬಲ ಚಿತ್ರಕ್ಕೆ ಗಾಂಭೀರ್ಯ ಬರಲಿ ಎಂದು ಬಣ್ಣ ತೆಗೆಯುವುದಾದರೆ ಬೇಡ. ನಮ್ಮ ದೇಶವನ್ನು ಬಣ್ಣ ಬಿಟ್ಟು ನೋಡಲಾಗದು ಎಂಬ ನಿಲುವಿನಿಂದ ರಘುಬೀರ್ ಸಿಂಗ್ (1942–1999) ಜೀವನವಿಡೀ ಬಣ್ಣದಲ್ಲೇ ಕೆಲಸ ಮಾಡಿದರು. ಅದೇ ವರ್ಷ ಹುಟ್ಟಿದ ರಘು ರಾಯ್ ಅವರ ಎಷ್ಟೋ ಶ್ರೇಷ್ಠ ಚಿತ್ರಗಳು ಕಪ್ಪು-ಬಿಳುಪಿನವು. ಆಕಾರ ಮತ್ತು ನೆರಳು ಕಥೆ ಹೇಳುತ್ತಿದ್ದರೆ ಬಣ್ಣವನ್ನು ತೆಗೆಯಿರಿ, ಅಡಿಕೆ ಅಂಗಳದ ಬೆಳೆಗಾರನಿಗೆ ಅದು ಒಪ್ಪೀತು. ಕುಮಟಾ ನಿಲ್ದಾಣದ ಚಿತ್ರದಲ್ಲಿ ಮಾತ್ರ ಬಣ್ಣ ಇರಲಿ. ಬೂದು ಮಳೆ, ಕೆಸರು, ಬೆನ್ನುಗಳ ನಡುವೆ ಎದ್ದು ಕಾಣುವುದು ಆ ತಾಯಿಯ ಕೊಡೆಯ ಹಳದಿ ಬಟ್ಟೆ ಒಂದೇ, ಮಗುವಿನ ಚಪ್ಪಲಿಯ ಪಟ್ಟಿಯೂ ಅದೇ ಹಳದಿ. ನೀವು ಅದನ್ನು ಗಮನಿಸಿರಲಿಲ್ಲ ಎಂದು ಕಾಣುತ್ತದೆ. ಶನಿವಾರ ಸಂಜೆ ಅದೇ ಬಸ್ಸಿನ ಹೊತ್ತಿಗೆ ಅದೇ ಪ್ಲಾಟ್‌ಫಾರ್ಮಿಗೆ ಹೋಗಿ, ಈ ಸಲ ಬಸ್ಸಿನ ಬಾಗಿಲಿಗೆ ಬೆನ್ನು ಮಾಡಿ ನಿಲ್ಲಿ. ಆಕೆ ಸಿಕ್ಕರೆ ಕೊಡಲು ಈ ಚಿತ್ರದ ಒಂದು ಪ್ರತಿ ಕಿಸೆಯಲ್ಲಿರಲಿ.